ಐದು ಏಲಕ್ಕಿ

"ತೆಳು ಅವಲಕ್ಕಿ ಬ್ಯಾಡ್ರಿ. ದಪ್ಪಂದು ಕೊಡ್ರಿ. ನೆನಸಿದ್ರ ಹಿಟ್ಟಾಗಬಾರದು."

ಹುಬ್ಬಳ್ಳಿಯ ಮಾತು. ದೋಹಾದ ಇಂಡಸ್ಟ್ರಿಯಲ್ ಏರಿಯಾದ ನಮ್ಮ ದಿನಸಿ ಗೋದಾಮಿನಲ್ಲಿ ಅದನ್ನು ಕೇಳಿ ನಾನು ತಲೆಯೆತ್ತಿದೆ. ಆ ದಿನ ತಲೆಯೆತ್ತಿದ್ದು ಅದೇ ಮೊದಲು. ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು, ಸಂಜೆ ಏಳಕ್ಕೆ ಅದೇ ಬಸ್ಸು, ನಡುವೆ ಕಿಟಕಿಯಿಲ್ಲದ ಶೆಡ್ಡು. ನಾಲ್ಕು ವರ್ಷದಿಂದ ಹೀಗೇ.

ಹಸಿರು ದುಪಟ್ಟಾ. ಹೆಗಲಲ್ಲಿ ಯಾವುದೋ ಡೆಂಟಲ್ ಕ್ಲಿನಿಕ್ಕಿನ ಚೀಲ. ಬಿಲ್ಲಿಗೆ ಹೆಸರು ಕೇಳಿದೆ.

"ಮಿಲ್ಕಾ ನವಗಾಂವ್ಕರ್."

ಮಿಲ್ಕಾ ಎಂಬುದು ಹೊಸದೆನಿಸಿತು. ಆದರೆ ಕೊನೆಗೆ 'ಕರ್' ಬಂದ ಮೇಲೆ ಉಡುಪಿ ಕಡೆಯ ನನಗೆ ಇನ್ನೇನು ಹೊಳೆಯಬೇಕು? ಅವಲಕ್ಕಿ ಬೇರೆ.

"ಸತ್ಯನಾರಾಯಣ ಪೂಜೆಯಾ?"

ಅವಳು ನನ್ನನ್ನು ನೋಡಿದಳು, ಅವಲಕ್ಕಿಯನ್ನು ನೋಡಿದಳು, ಕೆಳತುಟಿ ಕಚ್ಚಿಕೊಂಡಳು. "ಹಂಗs ಅನ್ಕೋರಿ."

ಪ್ರತಿ ತಿಂಗಳ ಮೊದಲ ಬುಧವಾರ ಬರುತ್ತಿದ್ದಳು. ಮೂರನೆಯ ತಿಂಗಳು, "ಪ್ರಸಾದ ಕೊಡುವ ಕ್ರಮ ಇಲ್ಲವಾ ನಿಮ್ಮಲ್ಲಿ?" ಎಂದು ಕೆಣಕಿದೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು.

"ನಾವು ಯಹೂದಿ ಮಂದಿ. ಕೊಂಕಣದವರು. ನಮ್ಮಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನ್ಯಾಗಿದ್ರು."

ನಾನು ಕೇಳಿದ್ದು ಪೆದ್ದು ಪ್ರಶ್ನೆ: "ಹಾಗಾದರೆ ಅವಲಕ್ಕಿ ಎಂತಕ್ಕೆ?"

"ಯಾಕ್ರಿ, ಅವಲಕ್ಕಿ ನಿಮ್ಮೊಬ್ಬರದs ಏನು?" ಎಂದು ನಕ್ಕಳು. ಆ ನಗು ಮೊದಲು ಕಣ್ಣಿಗೆ ಬಂದು, ತಡವಾಗಿ ತುಟಿಗೆ ಇಳಿಯುತ್ತಿತ್ತು. ಇಡೀ ತಿಂಗಳು ನನಗೆ ಅದು ಸಾಕಾಗುತ್ತಿತ್ತು.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ದೋಹಾದಲ್ಲಿ ಅವರದು ಐದೇ ಮನೆ. ಪ್ರಾರ್ಥನಾ ಮಂದಿರವಿಲ್ಲ. ತಿಂಗಳಿಗೊಮ್ಮೆ, ಗುರುವಾರ ಸಂಜೆ, ಅಲ್ ಹಿಲಾಲ್‌ನಲ್ಲಿ ಅವಳ ಫ್ಲ್ಯಾಟಿನಲ್ಲಿ ಸೇರಿ ಎಲಿಯಾಹು ಪ್ರವಾದಿಯನ್ನು ನೆನೆದು ಮಲಿದಾ ಹಂಚುತ್ತಾರೆ. ಅಂದರೆ ಸಿಹಿ ಅವಲಕ್ಕಿಯೇ. ಒಂದು ಮನೆಯದು ಅವಲಕ್ಕಿ, ಒಂದು ಮನೆಯದು ಕಾಯಿ, ಇನ್ನೊಂದರದು ಸಕ್ಕರೆ, ಮತ್ತೊಂದರದು ಹಣ್ಣು. ಹೀಗೆ ಪಾಲು.

ಮಾರ್ಚಿನಲ್ಲಿ ಬಂದಾಗ ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಕಾಯಿ ಮನಿಯವರು ಮಸ್ಕತ್‌ಗೆ ಹೋದ್ರು. ಹಣ್ಣಿನವರ ಕಾಂಟ್ರ್ಯಾಕ್ಟ್ ಖಲಾಸ್. ಎಲ್ಲಾ ನನ್ನ ತಲೀ ಮ್ಯಾಲೆ. ಸಾಕಾಗ್ಯದ್ರಿ."

ಆ 'ಸಾಕಾಗ್ಯದ' ನನ್ನನ್ನು ಬಿಡಲಿಲ್ಲ. ಮರುದಿನ ದೊಡ್ಡ ಕಾರ್ಟನ್ ತುಂಬಿದೆ. ಅವಲಕ್ಕಿ, ಹತ್ತು ಕಾಯಿ, ಸಕ್ಕರೆ, ಬಾದಾಮಿ, ಸೇಬು, ಅರ್ಧ ಕಿಲೋ ಏಲಕ್ಕಿ. ಹೆಸರು ಬರೆಯದೆ ಪಿಕಪ್‌ನಲ್ಲಿ ಅವಳ ಮನೆಗೆ ಕಳಿಸಿದೆ. ಅವಳಿಗೆ ಗೊತ್ತಾಗುತ್ತದೆ ಎಂಬುದೇ ನನ್ನ ಪ್ರೇಮಪತ್ರ.

ಭಾನುವಾರ ಬಂದಳು. ಏಲಕ್ಕಿಯ ಪೊಟ್ಟಣವನ್ನು ಒಡೆಯದೆ ಹಾಗೇ ಕೌಂಟರಿನ ಮೇಲಿಟ್ಟಳು. ಕಣ್ಣು ನಗಲಿಲ್ಲ.

"ಶಾಲೋಮ್ ಕಾಕಾ ಏನೂ ತಿನ್ನದs ಎದ್ದು ಹೋದ್ರು."

"ಯಾರು ಅವರು?"

"ನಮ್ಮ ಐದು ಮನಿಯೊಳಗಿನವರು. ವರ್ಷದಿಂದ ಕೆಲಸ ಇಲ್ಲ. ಕಂಪನಿ ಮುಚ್ಚೇದ, ಪಾಸ್‌ಪೋರ್ಟ್ ಮಾಲಕನ ಕಡೆನೇ ಅದ. ರೂಮು, ಊಟ, ಎಲ್ಲಾ ನಾವs ಹಂಚಿಕೊಂಡು ನೋಡ್ತೀವಿ. ಆದ್ರ ತಗೊಳ್ಳೋರೂ ಕೊಡಬೇಕು, ಹಂಗದ ನಮ್ಮಲ್ಲಿ. ಎಷ್ಟು ಬಡವರಿದ್ರೂ. ಅವರ ಪಾಲು ಐದು ಏಲಕ್ಕಿ. ಕರವಸ್ತ್ರದಾಗ ಕಟ್ಟಿಕೊಂಡು ತರ್ತಾರ." ಪೊಟ್ಟಣವನ್ನು ನನ್ನತ್ತ ತಳ್ಳಿದಳು. "ಮೊನ್ನೆ ಇದನ್ನ ನೋಡಿದ್ರು. ಕಿಸೇದಾಗಿನ ಕೈ ಹೊರಗ ಬರ್ಲೇ ಇಲ್ಲ. ಇನ್ನು ಬರೋದಿಲ್ಲ ಅಂತಾರ. ಉಳಿದವರೂ ತಂದ ಚೀಲ ಬಾಗಲಾಗಿಂದs ವಾಪಸ್ ಒಯ್ದ್ರು."

"ನಾನು ನಿಮಗೋಸ್ಕರ..."

"ಗೊತ್ತದ್ರಿ." ಅವಳು ಚೀಲ ಹೆಗಲಿಗೇರಿಸಿದಳು. "ಅದಕ್ಕs ಸಿಟ್ಟು."

ಅವಳು ಹೋದ ಮೇಲೆ ಎರಡು ಲಾರಿ ತಪ್ಪಾಗಿ ಲೋಡ್ ಮಾಡಿಸಿದೆ.

ಶುಕ್ರವಾರ ಮಧ್ಯಾಹ್ನ ಕಾಕಾನ ರೂಮು ಹುಡುಕಿಕೊಂಡು ಹೋದೆ. ಪ್ಲೈವುಡ್ ಗೋಡೆ, ಒಂದು ಕುರ್ಚಿ, ಕಬೋರ್ಡಿನ ಮೇಲೆ ಹೀಬ್ರೂ ಅಕ್ಷರದ ಹಳೇ ಪುಸ್ತಕ. ದಾರಿಯಲ್ಲಿ ಹಣ್ಣಿನಂಗಡಿಯ ಮುಂದೆ ಎರಡು ಸಲ ನಿಂತು, ಎರಡು ಸಲವೂ ಮುಂದೆ ನಡೆದಿದ್ದೆ. ಯಾರದೋ ಮನೆಗೆ ಬರಿಗೈಯಲ್ಲಿ ಹೋಗಿದ್ದು ಅದೇ ಮೊದಲು.

"ಕಾರ್ಟನ್ ಕಳಿಸಿದವನು ನಾನು," ಎಂದೆ, ಹಿಂದಿಯಲ್ಲಿ.

ಏಸಿ ಗೊರಗೊರ ಎನ್ನುತ್ತಿತ್ತು. ಕ್ಷಮೆಯ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಊಟ ಆಗಿಲ್ಲ ನನ್ನದು."

ಕಾಕಾ ನನ್ನನ್ನೇ ನೋಡಿದರು. ಎದ್ದು, ಇದ್ದ ಎರಡು ಖುಬ್ಬೂಸ್ ರೊಟ್ಟಿಯಲ್ಲಿ ಒಂದನ್ನು ನನ್ನ ತಟ್ಟೆಗೆ ಹಾಕಿ, ದಾಲ್ ಸುರಿದರು. ಕುರ್ಚಿ ನನಗೆ ಕೊಟ್ಟು ತಾವು ನಿಂತೇ ತಿಂದರು. ನಾನು ಬೇಡವೆನ್ನಲಿಲ್ಲ. ಬೇಡವೆನ್ನದಿರುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

ಕೈ ತೊಳೆಯುವಾಗ ಕೇಳಿದರು, "ಕಾಯಿ ತುರಿಯೋಕೆ ಬರುತ್ತಾ?"

"ಉಡುಪಿಯವನು ಕಾಕಾ."

"ನಮ್ಮ ಕಾಯಿಯವರು ಮಸ್ಕತ್‌ಗೆ ಹೋದರು. ಒಂದು ತಾ." ಒದ್ದೆ ಬೆರಳೊಂದನ್ನು ಎತ್ತಿ ತೋರಿಸಿದರು. "ಒಂದೇ."

"ನೀವು ಬರ್ತೀರಾ?"

"ಏಲಕ್ಕಿ ಯಾರು ತರ್ತಾರೆ ಮತ್ತೆ?"

ಏಪ್ರಿಲಿನ ಮೊದಲ ಗುರುವಾರ ಒಂದು ಕಾಯಿ, ನಮ್ಮ ರೂಮಿನ ಹೆರೆಮಣೆ ಹಿಡಿದು ಅಲ್ ಹಿಲಾಲ್‌ಗೆ ಹೋದೆ. ಬಾಗಿಲಲ್ಲಿ ಮೂರು ಮನೆಯ ಚಪ್ಪಲಿಗಳು. ಮಿಲ್ಕಾ ನನ್ನನ್ನು ನೋಡಿದಳು, ಕಾಯಿಯನ್ನು ನೋಡಿದಳು, ಹೆರೆಮಣೆ ನೋಡಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು.

ಅಡುಗೆಮನೆಯ ನೆಲದಲ್ಲಿ ಕೂತು ತುರಿದೆ. ಅವಳು ಎದುರು ಕೂತು ತಟ್ಟೆ ಹಿಡಿದಳು. ಕೆಲಸ ಮುಗಿಸಿ ಬಂದಿದ್ದರಿಂದ ಇಬ್ಬರ ಭುಜವೂ ಸೋತಿತ್ತು. ಪಕ್ಕದ ಕೋಣೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು. ಐದು ಏಲಕ್ಕಿಗೆ ಕಾಕಾ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಘಮ ಬಂತು. ಅವಳು ಕಣ್ಣು ಮುಚ್ಚಿದಳು. ರೆಪ್ಪೆಯ ಅಂಚು ಒದ್ದೆಯಾಗಿತ್ತು.

"ಮಿಲ್ಕಾ, ಆ ಕಾರ್ಟನ್ನಿನಲ್ಲಿ ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ತುಂಬಿದ್ದೆ."

"ಈಗ ಹೇಳ್ರಿ."

"ನೀವು ಬರುವ ಬುಧವಾರ ಬಿಟ್ಟು ನನಗೆ ಇಲ್ಲಿ ಬೇರೆ ದಿನವೇ ಇಲ್ಲ."

ತಟ್ಟೆ ಓರೆಯಾಗಿ ತುರಿ ಚೆಲ್ಲಿತು. ಅವಳು ಅದನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದಳು.

"ನನ್ನ ಕಾಂಟ್ರ್ಯಾಕ್ಟ್ ಡಿಸೆಂಬರ್‌ತನಕ ಅದ," ಎಂದಳು. "ಅವ್ವಗ ಇದು ಸುಲಭ ಆಗೂದಿಲ್ಲ. ನಿಮ್ಮ ಮನ್ಯಾಗೂ ಆಗೂದಿಲ್ಲ."

"ಇಲ್ಲ."

"ಎಂಟು ತಿಂಗಳು." ಚಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೆರಳು ಬೆರಳ ಮೇಲೆ ನಿಂತವು, ತೆಗೆಯಲಿಲ್ಲ. "ಎಂಟು ಕಾಯಿ. ಅಷ್ಟರಾಗ ನಾ ಅವ್ವಗ ಹೇಳ್ತೀನಿ, ನೀ ನಿಮ್ಮನ್ಯಾಗ ಹೇಳು."

ಒಳಗಿನಿಂದ ಕಾಕಾ ಕೂಗಿದರು. "ಯಲ್ಲಾ, ಬೇಗ! ಕಾಯಿ ಎಲ್ಲಿ?"

"ಬಂತು," ಎಂದು ಅವಳು ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. "ಹೋಗು, ನೀನs ಕೊಡು."