ಐವತ್ತು ನಿಮಿಷದ ಸಾಕ್ಷಿ

ಕುರ್ಚಿ ಅವನದು. ಮೂರು ವರ್ಷ ತಲೆ ಕೆಡಿಸಿಕೊಂಡು, ಹತ್ತಾರು ಸಲ ಬಿಚ್ಚಿ ಮತ್ತೆ ಕೂಡಿಸಿ, ಒಂದೇ ಒಂದು ಮೊಳೆ ಹೊಡೆಯದೆ ಆ ಬಡಗಿ ತಾನೇ ಮಾಡಿದ ಕುರ್ಚಿ. ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಾಗ ವೇದಿಕೆ ಹತ್ತಿದವನು ಮಾತ್ರ ಭಾವ, ಅಂದರೆ ಅಕ್ಕನ ಗಂಡ, ಅವನು ಕೆಲಸಕ್ಕಿದ್ದ ಪೀಠೋಪಕರಣ ಕಾರ್ಖಾನೆಯ ಒಡೆಯ. ಪತ್ರಿಕೆಯಲ್ಲಿ ಭಾವನ ಫೋಟೊ, ಭಾವನ ಹೆಸರು. ಬಡಗಿಗೆ ಸಿಕ್ಕಿದ್ದು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಭಾಗ್ಯ. ಕೇಳಲು ಹೋದರೆ ಭಾವ ನಕ್ಕುಬಿಟ್ಟ.

"ಕೈ ನಿಂದೇ ಕಣಪ್ಪಾ, ಯಾರು ಇಲ್ಲ ಅಂದ್ರು? ಕಾರ್ಖಾನೆ ನಂದಲ್ವಾ?"

ಬೈದಿದ್ದರೆ ಮರೆತುಬಿಡುತ್ತಿದ್ದನೋ ಏನೋ. ಆ ನಗು ಮಾತ್ರ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತು. ತಿಂಗಳೊಪ್ಪತ್ತಿನಲ್ಲಿ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿ, ಅವನು ಕೆಲಸವನ್ನೂ ಬಿಟ್ಟ.

ಇಬ್ಬರ ನಡುವೆ ಸಿಕ್ಕಿ ನಲುಗಿದವಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವರಿವರನ್ನು ವಿಚಾರಿಸಿ, ಮನೆಮಂದಿಯ ಜೊತೆ ಆನ್‌ಲೈನ್‌ನಲ್ಲೇ ಮಾತಾಡಿ ಮನಸ್ಸು ತಿಳಿಮಾಡುವ ಒಬ್ಬ ಸಮಾಜ ಕಾರ್ಯಕರ್ತೆಯನ್ನು ಅವಳೇ ಹುಡುಕಿದಳು. ಸರ್ಕಾರದ ಪರವಾನಗಿ ಪಡೆದವರು. "ನನಗೋಸ್ಕರ ಕಣೋ. ಸುಮ್ನೆ ಮಾತಾಡು, ಅಷ್ಟು ಸಾಕು" ಎಂದು ಕಣ್ಣೀರು ಹಾಕಿದಳು. ಮೂವರೂ ಸೇರಿ ಎರಡು ಸಲ ಪರದೆಯ ಮುಂದೆ ಕೂತರು. ಎರಡು ಸಲವೂ ಭಾವ ಗಡಿಯಾರ ನೋಡುತ್ತಿದ್ದ. ಕೊನೆಗೆ ಮೇಡಂ, ತಮ್ಮ ಒಬ್ಬನೇ ಬರಲಿ ಎಂದರು. ಶನಿವಾರ ಹನ್ನೊಂದಕ್ಕೆ, ಐವತ್ತು ನಿಮಿಷ.

ಅಕ್ಕನ ಬಾಯಿ ಮುಚ್ಚಿಸಲೆಂದು ಒಪ್ಪಿ, ಮೇಡಂ ಕಳಿಸಿದ ಫಾರಂಗೆ ಸಹಿ ಹಾಕಿದ್ದ ಅವನಿಗೆ, ಎರಡನೇ ಶನಿವಾರವೇ ತಲೆಯಲ್ಲಿ ದೀಪ ಹತ್ತಿತು. ಶನಿವಾರ ಕಾರ್ಖಾನೆಗೆ ರಜ, ಒಳಗೆ ನರಪಿಳ್ಳೆಯೂ ಇರುವುದಿಲ್ಲ. ಆ ಹೊತ್ತಿನಲ್ಲಿ ಅದಕ್ಕೆ ಬೆಂಕಿ ಬಿದ್ದರೆ ಮೊದಲು ಅನುಮಾನ ಬರುವುದು ಯಾರ ಮೇಲೆ? ಅವನ ಮೇಲೇ. ಆದರೆ ಆ ಹೊತ್ತಿಗೆ ಸರಿಯಾಗಿ ಅವನು ತಾನೊಬ್ಬನೇ ಇರುವ ಮನೆಯಲ್ಲಿ ಕೂತು, ಪರವಾನಗಿ ಪಡೆದ ಮಾನವಂತ ಹೆಂಗಸೊಬ್ಬರ ಜೊತೆ ತನ್ನ ಕೋಪದ ಬಗ್ಗೆಯೇ ಮಾತಾಡುತ್ತಿದ್ದ ಎಂದಾದರೆ? ಆಹಾ! ಅಂಥ ಸಾಕ್ಷಿಯನ್ನು ದುಡ್ಡು ಕೊಟ್ಟರೂ ಯಾರೂ ತಂದುಕೊಡಲಾರರು. ಅಕ್ಕ ಪುಕ್ಕಟೆಯಾಗಿ ತಂದುಕೊಟ್ಟಿದ್ದಳು.

"ಮುಖ ನೋಡ್ಕೊಂಡು ಹೇಳೋಕೆ ನಾಚಿಕೆ ಆಗುತ್ತೆ ಮೇಡಂ" ಎಂದು ಕ್ಯಾಮೆರಾ ಆರಿಸಿದ.

"ನಿಮಗೆ ಹೇಗೆ ಅನುಕೂಲವೋ ಹಾಗೇ ಮಾಡಿ" ಎಂದರು ಮೇಡಂ.

ಮರಕ್ಕೆ ಅಳತೆ ಹಾಕುವ ಹಾಗೆಯೇ ಅವನು ಹೊತ್ತಿಗೂ ಅಳತೆ ಹಾಕಿದ. ಹಿತ್ತಲ ಬಾಗಿಲಿನಿಂದ ಗೋದಾಮುಗಳ ಹಿಂದಿನ ಓಣಿ ಹಿಡಿದರೆ ಕಾರ್ಖಾನೆಗೆ ಇಪ್ಪತ್ತು ನಿಮಿಷ. ಕೆಲಸಕ್ಕೆ ಹತ್ತು, ವಾಪಸ್ಸಿಗೆ ಇಪ್ಪತ್ತು. ಹಿಂಬದಿಯ ಕಿಟಕಿಯ ಚಿಲಕ ಅವನೇ ಕೂರಿಸಿದ್ದು, ಎಲ್ಲಿ ಒತ್ತಿದರೆ ಜಾರುತ್ತದೆಂದು ಅವನಿಗೊಬ್ಬನಿಗೇ ಗೊತ್ತು. ತನ್ನ ಕೋಣೆಯ ಫ್ಯಾನಿನ ಕಿರಿಕಿರಿ ಸದ್ದನ್ನು ಹಳೆಯ ಫೋನಿನಲ್ಲಿ ರೆಕಾರ್ಡ್ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. ನಡೆಯುತ್ತಲೇ ಏದುಸಿರಿಲ್ಲದೆ ಮಾತಾಡುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿದ. ತಮ್ಮ ಸಣ್ಣಗಾಗಿದ್ದಾನೆ, ಮೇಡಂ ಮಾತಿನ ಗುಣ ಎಂದು ಅಕ್ಕ ಹಿಗ್ಗಿದಳು.

ಆರನೇ ಶನಿವಾರ ಎಲ್ಲವೂ ಅಂದುಕೊಂಡ ಹಾಗೆಯೇ ನಡೆಯಿತು. ಕಿವಿಯಲ್ಲಿ ಇಯರ್‌ಫೋನ್, ಜೇಬಿನಲ್ಲಿ ಫ್ಯಾನು. "ಕಿಟಕಿ ಪಕ್ಕ ಆರಾಮಾಗಿ ಕೂತಿದೀನಿ ಮೇಡಂ" ಎನ್ನುತ್ತ ಓಣಿ ದಾಟಿದ. ಬಾಲ್ಯದ ಕಥೆ ಹೇಳುತ್ತ ಕಿಟಕಿ ಹಾರಿದ. ವಾರ್ನಿಷ್ ಡಬ್ಬಗಳನ್ನು ಸದ್ದಿಲ್ಲದೆ ಉರುಳಿಸಿದ. ಆಮೇಲೆ ಮುಂದಿನ ಕೋಣೆಗೆ ಬಂದವನು ಕುರ್ಚಿಯನ್ನು ಕಂಡ.

ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತೋಳಿನ ಆ ಬಾಗು, ಬೆನ್ನಿನ ಆ ನಯ. ಕೈ ತಾನಾಗಿ ಅದನ್ನು ಸವರಿತು. ಬಿಟ್ಟುಹೋಗಲೇ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಭಾವನ ನಗು ನೆನಪಾಗಿ ಮೈ ಉರಿಯಿತು. ಕಡ್ಡಿ ಗೀರಿದ. ಕಿಟಕಿಯಿಂದಾಚೆ ದುಮುಕಿದಾಗ ಬಿಕ್ಕಿ ಬಿಕ್ಕಿ ಅಳು ಬಂತು. ಅಭ್ಯಾಸದಲ್ಲಿ ಇಲ್ಲದ ಅಳು.

"ಏನಾಯ್ತು? ಉಸಿರು ಯಾಕೆ ಹಾಗೆ ಬರ್ತಿದೆ?" ಮೇಡಂ ದನಿ ಬದಲಾಯಿತು.

ಏದುಸಿರಿಗೆ ಒಂದು ಕಾರಣ ಕೊಡಲೇಬೇಕಿತ್ತು. "ಸಾಕಾಗಿದೆ ಮೇಡಂ" ಎಂದ. "ಬದುಕೋದೇ ಬೇಡ ಅನ್ನಿಸ್ತಿದೆ." ಹೇಳಿದ ಮೇಲೆ ತಾನೇ ಬೆಚ್ಚಿದ, ಮಾತು ಅಷ್ಟು ನಿಜವಾಗಿ ಕೇಳಿಸಿತ್ತು. ಆದರೂ ಒಳಗೊಳಗೇ ಬೆನ್ನು ತಟ್ಟಿಕೊಂಡ. ಇನ್ನು ಯಾವ ಪೊಲೀಸು ಅನುಮಾನಪಟ್ಟಾನು?

ಮೇಡಂ ಅವನನ್ನು ಬಿಡಲಿಲ್ಲ. ಊಟ ಮಾಡಿದಿರಾ, ಕೈಗೆ ಸಿಗುವಂಥ ಮಾತ್ರೆ ಏನಾದರೂ ಇದೆಯಾ, ಅಕ್ಕನ ಬಗ್ಗೆ ಇನ್ನಷ್ಟು ಹೇಳಿ ಎಂದು ಒಂದೊಂದೇ ಕೇಳುತ್ತ ಹೋದರು. ಒಂದೆರಡು ಸಲ ಅವರ ಕಡೆ ಸದ್ದೇ ಅಡಗಿ, ಮತ್ತೆ ಬಂತು. ನೆಟ್‌ವರ್ಕ್ ಇರಬೇಕೆಂದುಕೊಂಡ. ಹನ್ನೊಂದೂ ಐವತ್ತಾದರೂ ಅವರು ಮುಗಿಸಲಿಲ್ಲ. "ಇವತ್ತು ಹೊತ್ತಿನ ಬಗ್ಗೆ ಯೋಚನೆ ಬೇಡ. ನನ್ನ ಜೊತೆ ಮಾತಾಡ್ತಾ ಇರಿ, ಫೋನ್ ಇಡಬೇಡಿ." ಅಯ್ಯೋ ಪುಣ್ಯಾತ್ಗಿತ್ತಿ, ಸಾಕ್ಷಿಯನ್ನು ಹತ್ತು ನಿಮಿಷ ಹೆಚ್ಚೇ ಕೊಡುತ್ತಿದ್ದಾರಲ್ಲ ಎಂದು ಅವನಿಗೆ ನಗು ಬಂತು. ಹಿಂದೆ ಗೋದಾಮುಗಳ ಮೇಲೆ ಕಪ್ಪು ಹೊಗೆ ಏಳುತ್ತಿತ್ತು. ಹಿತ್ತಲ ಗೇಟು ಹತ್ತೇ ಹೆಜ್ಜೆ ದೂರ.

ಗೇಟು ತಳ್ಳಿದವನು ಅಲ್ಲೇ ನಿಂತ. ಮನೆಯೊಳಗೆ ದೀಪ, ಜನ. ಅಡುಗೆಮನೆಯಲ್ಲಿ ಸ್ಟ್ರೆಚರ್ ಹಿಡಿದ ಇಬ್ಬರು, ಒಬ್ಬ ಪೊಲೀಸು. ಕೈಯಲ್ಲಿ ಬೀಗದ ಕೈ ಹಿಡಿದ ಅಕ್ಕ ಅವನ ಹೆಸರು ಕೂಗುತ್ತ ಕೋಣೆಯಿಂದ ಕೋಣೆಗೆ ಓಡುತ್ತಿದ್ದಳು. ಮೊದಲ ದಿನ ಓದದೆಯೇ ಸಹಿ ಹಾಕಿದ್ದ ಫಾರಂನಲ್ಲಿ ಒಂದು ಸಾಲು ಇತ್ತು: ಜೀವಕ್ಕೆ ಅಪಾಯ ಕಂಡರೆ, ಮಾತಾಡುತ್ತಿರುವಾಗಲೇ ನೀವು ಕೊಟ್ಟ ವಿಳಾಸಕ್ಕೆ ಸಹಾಯ ಕಳಿಸುತ್ತೇವೆ, ನಿಮ್ಮವರಿಗೆ ತಿಳಿಸುತ್ತೇವೆ. "ಹೆದರಬೇಡಿ, ಅವರು ಬಂದು ಐದು ನಿಮಿಷ ಆಯ್ತು, ನಿಮ್ಮ ಕಿಟಕಿ ಪಕ್ಕದಲ್ಲೇ ನಿಂತಿದಾರೆ" ಎಂದರು ಮೇಡಂ ಕಿವಿಯಲ್ಲಿ, ಮೆಲ್ಲಗೆ. "ಅಲ್ಲಿ ಯಾರೂ ಇಲ್ವಂತೆ. ನೀವು ಎಲ್ಲಿದೀರಿ?"