ಕದ್ದು ಹಾಕಿದ ನೀರು

"ಅಯ್ಯೋ... ಏನ್ ಮಾಡ್ಬುಟ್ರಿ!"

ಎಪ್ಪತ್ತನಾಲ್ಕನೇ ಇಸವಿಯ ಸಂಕ್ರಾಂತಿ ಮುಗಿಸಿ ಪೂರಿಗಾಲಿಯ ತವರಿನಿಂದ ಮದ್ದೂರಿನ ಮನೆಗೆ ಬಂದ ಹೊಂಬಾಳೆ, ಕೈಯಲ್ಲಿದ್ದ ಎಳ್ಳಿನ ಡಬ್ಬಿಯನ್ನೂ ಕೆಳಗಿಡದೆ ಹಿತ್ತಿಲಲ್ಲೇ ನಿಂತುಬಿಟ್ಟಳು. ಮದುವೆಯಲ್ಲಿ ಅವ್ವ ಬೇರು ಸಮೇತ ಕೊಟ್ಟಿದ್ದ ಮೂರು ದುಂಡುಮಲ್ಲಿಗೆ ಗಿಡಗಳು ಮೋಟು ಕಡ್ಡಿಗಳಾಗಿದ್ದವು. ಪಕ್ಕದಲ್ಲಿ ಗಂಡ ಮರಿಸಿದ್ದಯ್ಯ... ಕೈಯಲ್ಲಿ ಕತ್ತರಿ!

"ಕತ್ತರಿಸ್ದೆ," ಎಂದ.

"ಅದು ಕಾಣ್ತದೆ! ಯಾಕೆ?"

"ಕತ್ತರಿಸ್ಬೇಕಿತ್ತು. ಒಂದ್ ತಿಂಗ್ಳು ನೀರು ಆಕ್ಬ್ಯಾಡ."

ಅಷ್ಟೇ! ಸರ್ಕಾರಿ ಬಂಗಲೆಯಲ್ಲಿ ಮಾಲಿಯಾಗಿದ್ದ ಈ ಪುಣ್ಯಾತ್ಮ, ದಿನವಿಡೀ ಗಿಡಗಳ ಜೊತೆಗಿದ್ದು ತಾನೂ ಮಾತು ಮರೆತಿದ್ದ. ಮದುವೆಯಾಗಿ ಎಂಟು ತಿಂಗಳಾದರೂ ಕೇಳಿದ್ದಕ್ಕೆ ಅರ್ಧ ಉತ್ತರ.

ಹಿತ್ತಿಲು ವಸಂತಕ್ಕೆ ಹೇಗಿರಬೇಕೆಂದು ಹೊಂಬಾಳೆ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿಟ್ಟು ಹಾಗೇ ನೆಟ್ಟಿದ್ದಳು. ಬಚ್ಚಲ ಪಕ್ಕ ಎರಡು ಮಲ್ಲಿಗೆ, ಬೇಲಿಯ ಹತ್ತಿರ ಒಂದು, ನಡುವೆ ಚೆಂಡುಹೂವಿನ ಸಾಲು. ಯುಗಾದಿಗೆ ಅವ್ವನ ಗಿಡದ ಹೂ ಮುಡಿದರೆ ಇದು ತನ್ನ ಮನೆ ಅನ್ನಿಸೀತು ಎಂಬ ಆಸೆ ಅವಳದು.

"ಯುಗಾದಿಗೆ ಊ ಬುಡ್ದಿದ್ರೆ ತವರಿಗೆ ಓಯ್ತೀನಿ. ಮತ್ತೆ ಬರಾಕಿಲ್ಲ!"

ಅವನು ಮಣ್ಣು ಕೊಡವಿಕೊಂಡು ಎದ್ದು ಹೋದ. ಅಂದಿನಿಂದ ಹೊಂಬಾಳೆಯೂ ಬಾಯಿಗೆ ಬೀಗ ಹಾಕಿಕೊಂಡಳು.

ಆದರೆ ಅವ್ವನ ಗಿಡ ಬಾಯಾರಿ ಸಾಯುವುದನ್ನು ನೋಡಲಾದೀತೆ? ದಿನಾ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದದ್ದೇ ತಡ, ಅಕ್ಕಿ ತೊಳೆದ ನೀರನ್ನು ಬಚ್ಚಲ ಪಕ್ಕದ ಎರಡು ಗಿಡಗಳಿಗೆ ಸುರಿಯುತ್ತಿದ್ದಳು. ಬೇಲಿಯ ಗಿಡದವರೆಗೆ ನೀರು ಸಾಲುತ್ತಿರಲಿಲ್ಲ.

"ಕುಡೀರವ್ವಾ... ಅವರದು ಕಲ್ಲೆದೆ. ನಂಗೊಂದು ಮಾತಿಲ್ಲ, ನಿಮಗೊಂದು ತೊಟ್ಟು ನೀರಿಲ್ಲ..."

ಗಿಡಗಳು ಚಿಗುರಿದವು. ಎಲೆ, ಎಲೆ... ಬರೀ ಎಲೆ! ಫಾಲ್ಗುಣ ಮುಗಿಯುತ್ತ ಬಂದರೂ ಒಂದೇ ಒಂದು ಮೊಗ್ಗಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಹೊಂಬಾಳೆ ಪಾತ್ರೆಗಳನ್ನು ಕುಕ್ಕಿದಳು, ಅತ್ತಳು, ಹಬ್ಬದ ಹಿಂದಿನ ದಿನ ಟ್ರಂಕು ತುಂಬಿದಳು.

ಕೊನೆಯ ಸಲ ಹಿತ್ತಿಲಿಗೆ ಬಂದಾಗ ಘಮ್ಮೆಂದಿತು! ಚೆಂಡುಹೂವಿನ ಸಾಲಿನ ಹಿಂದೆ, ಅವಳು ಮರೆತೇಬಿಟ್ಟಿದ್ದ ಬೇಲಿಯ ಗಿಡದ ತುಂಬಾ ಮೊಗ್ಗು. ಮರಿಸಿದ್ದಯ್ಯ ಬಿಡಿಸುತ್ತಿದ್ದ.

"ಮಲ್ಲಿಗೆ ಗಿಡ ಕತ್ತರಿಸಿ ಒಸಿ ಒಣಗಿಸ್ಬೇಕು. ಆಮ್ಯಾಕೆ ನೀರು ಕೊಟ್ರೆ ಮೊಗ್ಗು ಬತ್ತದೆ," ಎಂದ.

"ಇದ್ನ ಅವತ್ತೇ ಯೋಳಿದ್ರೆ ನಿಮ್ ಗಂಟೇನ್ ಓಯ್ತಿತ್ತು?" ಅವಳು ಬಚ್ಚಲ ಕಡೆ ನೋಡಿದಳು. "ನಾನು... ಆ ಎರಡಕ್ಕೂ ಕದ್ದು ನೀರು ಆಕ್ದೆ."

"ಗೊತ್ತು. ಬಚ್ಚಲ್‌ಗೆ ಎಲ್ಲಾ ಕೇಳ್ತಿತ್ತು."

ಎಲ್ಲಾ? ಆ ಕಲ್ಲೆದೆ ಅಂದದ್ದೂ? ಅವಳ ಮುಖ ಕೆಂಪಾಯಿತು.

"ಮತ್ಯಾಕೆ ಬ್ಯಾಡ ಅನ್ನಲಿಲ್ಲ? ಎರಡ್ ಗಿಡದ್ ಊವೂ ಓಯ್ತಲ್ಲ!"

ಅವನು ತಲೆ ತಗ್ಗಿಸಿದ. "ನೀನು ಮಾತಾಡ್ತಿದ್ದದ್ದು ಆ ಗಿಡಗೋಳ್ ಜೊತೇಲಿ ಮಾತ್ರ. ಅದ್ನೂ ನಿಲ್ಲಿಸ್ಬುಟ್ರೆ... ನಿನ್ ದನಿ ನಂಗೆಲ್ಲಿ ಸಿಕ್ತಿತ್ತು?"

ಹೊಂಬಾಳೆಗೆ ಅಳು ಬಂತು. ಅಳುತ್ತಲೇ ಸೆರಗು ಒಡ್ಡಿದಳು. ಅವನು ಮೊಗ್ಗುಗಳನ್ನೆಲ್ಲ ಅದರಲ್ಲಿ ಸುರಿದ.

"ಬಸ್ಸು ಎಷ್ಟೊತ್ಗೆ?"

"ಓಯ್ತು ಬುಡಿ." ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು!

"ನಾಳೆ ನಾನು ಸ್ನಾನಕ್ಕೋದಾಗ..."

"ಬೈತೀನಿ. ಒಳಗಿಂದ ನೀವೂ ಉತ್ತರ ಕೊಡ್ಬೇಕು."

"ಊಂ."

"ಬರೀ ಊಂ ಅಲ್ಲ!"

"ಊಂ ಕಣೆ... ಹೊಂಬಾಳೆ."