ಹತ್ತನೆಯ ಕೈ

ಧಡ್!

ಬೊಲೆರೊ ಹಿಂದಿನಿಂದ ಎರಡನೇ ಸಲ ಗುದ್ದಿತು. ಕಾರಿನ ಹಿಂದಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

"ಅಕ್ಕಾ, ತಲಿ ಬಗ್ಗಸ್ರಿ!"

"ಬಗ್ಗಿಸೇನಪಾ... ನೀ ಮುಂದ ನೋಡು!"

ಹಿಂದೆ ಕುಳಿತಿದ್ದಾಕೆ ಬಿಬಿಜಾನ. ಐವತ್ತು ದಾಟಿದ ಹೆಂಗಸು. ಗ್ರಾಮ ಪಂಚಾಯ್ತಿ ಮೆಂಬರ್. ಆಗ ಹತ್ತೂಕಾಲು, ಯರಗಟ್ಟಿ ದಾಟಿದ್ದೆವು. ಹನ್ನೊಂದಕ್ಕೆ ಅವಿಶ್ವಾಸದ ಸಭೆ. ಅಷ್ಟರಲ್ಲಿ ಆಕೆಯನ್ನು ಹಾಲ್‌ನಲ್ಲಿ ಕೂರಿಸದಿದ್ದರೆ ನಾನು ಖಲಾಸ್!

ನನ್ನ ಕೆಲಸ ನಿಮಗೆ ಹೇಳಿಬಿಡುತ್ತೇನೆ. ಪಂಚಾಯ್ತಿ ಕೆಡವುತ್ತೇನೆ, ಪಂಚಾಯ್ತಿ ಕಟ್ಟುತ್ತೇನೆ. ಮೆಂಬರುಗಳನ್ನು ಟೂರ್ ಒಯ್ಯುತ್ತೇನೆ, ಬಚ್ಚಿಡುತ್ತೇನೆ, ಓಟಿನ ದಿನ ತಲೆ ಎಣಿಸಿ ಒಪ್ಪಿಸುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಸಂಜು ಬಂದ ಎಂದರೆ ಸಾಕು, ಅಧ್ಯಕ್ಷರು ಕುರ್ಚಿ ಗಟ್ಟಿ ಹಿಡಿದುಕೊಳ್ಳುತ್ತಾರೆ.

ಈ ಊರು ನೇಸರಗಿ ಕಡೆಯದು. ಹೆಸರು ಬೇಡ. ಹದಿನೈದು ಮೆಂಬರು. ಅಧ್ಯಕ್ಷ ವಿರೂಪಾಕ್ಷನನ್ನು ಇಳಿಸಲು ಹತ್ತು ಕೈ ಬೇಕು. ಒಂಬತ್ತು ಜನ ಗೋವಾ ಸುತ್ತಿ, ಸವದತ್ತಿಗೆ ಬಂದು, ಎಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದ್ದರು.

ಹತ್ತನೆಯಾಕೆ ಬಿಬಿಜಾನ. ಗೋವಾ ಬೇಡ ಎಂದಳು. ಸೊಸೆ ಕೌಸರ್ ಐದು ತಿಂಗಳ ಬಸುರಿ. ಇಬ್ಬರನ್ನೂ ರಾಮದುರ್ಗದಲ್ಲಿ ಆಕೆಯ ತಂಗಿಯ ಮನೆಯಲ್ಲಿ ಇಟ್ಟಿದ್ದೆ. ಆಕೆ ಕೇಳಿದ್ದು ಒಂದೇ. ತನ್ನ ಓಣಿಗೂ ಊರಿಗೂ ನಡುವೆ ಹರಿಯುವ ಹಳ್ಳಕ್ಕೆ ಒಂದು ಸೇತುವೆ.

"ಹ್ವಾದ ಮಳಿಗಾಲದಾಗ ನನ್ನ ಮಗಳನ್ನ ಹೊರಸಿನ ಮ್ಯಾಲ ಹೊತ್ತು ದಾಟಿಸಿದ್ರು. ಕೂಸು ಉಳೀಲಿಲ್ಲ. ಈಗ ಇಕಿ ಸರದಿ ಬಂತು."

ಹಾಗೆಂದು ನನ್ನ ಬಲಗೈ ಹಿಡಿದು ಕೌಸರ್ ತಲೆಯ ಮೇಲೆ ಇಡಿಸಿದ್ದಳು.

"ಅವರು ಭಂಡಾರ ಮುಟ್ಯಾರ. ನೀ ಇದನ್ನ ಮುಟ್ಟಿ ಹೇಳು. ಬ್ರಿಜ್ ಆಗ್ತೈತಿ?"

"ಆಗ್ತೈತ್ರಿ ಅಕ್ಕಾ."

ಹೇಳುವಾಗ ಅದು ನಿಜವೇ ಆಗಿತ್ತು... ಓಟಿನ ಹಿಂದಿನ ದಿನದ ಮಧ್ಯಾಹ್ನದವರೆಗೂ ನಿಜವಾಗಿಯೇ ಇತ್ತು.

ಧಡ್! ಮೂರನೇ ಸಲ!

ಸ್ಟೇರಿಂಗ್ ಎಡಕ್ಕೆ ಎಳೆದೆ. ಕಾರು ಹೊಲದ ದಾರಿಗೆ ಹಾರಿತು. ಧೂಳು... ಕಲ್ಲು... ಎದುರಿಗೆ ಗೊಬ್ಬರ ತುಂಬಿದ ಟ್ರ್ಯಾಕ್ಟರ್!

ಬ್ರೇಕ್!

ಮುಂದೆ ಟ್ರ್ಯಾಕ್ಟರ್, ಹಿಂದೆ ಬೊಲೆರೊ. ಅದರಿಂದ ಇಳಿದವನು ನಿಂಗರಾಜ, ವಿರೂಪಾಕ್ಷನ ತಮ್ಮ. ಕೈಯಲ್ಲಿ ರಾಡ್.

"ಇಳೀಲೇ ಸಂಜ್ಯಾ!"

ನಾನು ಜಾಕ್ ಹ್ಯಾಂಡಲ್ ಹಿಡಿದೇ ಇಳಿದೆ. "ಹೆಜ್ಜಿ ಮುಂದಿಟ್ರ ಮೊಣಕಾಲು ಮುರೀತೇನಿ."

"ನಿನ್ನ ಕೂಡ ಏನ ಮಾತು? ನನಗ ಅಕ್ಕಾರ ಕೂಡ ಮಾತೈತಿ."

ರಾಡ್ ಬಗಲಿಗೆ ಸಿಕ್ಕಿಸಿ, ಕಿಸೆಯಿಂದ ಮುದ್ರೆ ಒತ್ತಿದ ಒಂದು ಕಾಗದ ತೆಗೆದು, ಒಡೆದ ಹಿಂದಿನ ಗಾಜಿನೊಳಗಿಂದ ಆಕೆಗೆ ಚಾಚಿದ.

"ಅಕ್ಕಾರ, ಮಂಜೂರಿ ಬಂದೈತಿ. ಶಿಕ್ಕಾ ನೋಡ್ರಿ. ಒಂದ ಕೆಲಸ, ನಿಮ್ಮ ಹಳ್ಳದ ಬ್ರಿಜ್. ನಮ್ಮಣ್ಣ ಅದರಾಗ ತಿಂತಾನ, ಇಲ್ಲ ಅನ್ನೂದಿಲ್ಲ. ಆದ್ರ ತಿನ್ನಾಂವ ಒಬ್ಬನ! ಇವರು ಹತ್ತು ಮಂದಿ. ಹತ್ತು ಮಂದಿ ಹಂಚ್ಕೊಂಡ್ರ ಬ್ರಿಜ್ ಎಲ್ಲಿ ಉಳೀತೈತಿ? ಈ ಮಗನ್ನ ಕೇಳ್ರಿ!"

ನಾನು ಜಾಕ್ ಹ್ಯಾಂಡಲ್ ಕೆಳಗಿಳಿಸಿದೆ.

ಅವನು ಹೇಳಿದ್ದು ಅಕ್ಷರಶಃ ನಿಜ.

ಹಿಂದಿನ ಮಧ್ಯಾಹ್ನ ಸವದತ್ತಿಯ ಲಾಡ್ಜ್‌ನಲ್ಲಿ ಒಂಬತ್ತೂ ಜನ ಪಟ್ಟು ಹಿಡಿದು ಕುಳಿತಿದ್ದರು. ಒಬ್ಬನಿಗೆ ಗಟಾರು. ಒಬ್ಬನಿಗೆ ಕಮಾನು. ಇನ್ನೊಬ್ಬನಿಗೆ ಗುಡಿ ಮುಂದೆ ಹಾಸಲು ಫರಸಿ ಕಲ್ಲು. ಅಧ್ಯಕ್ಷನಾಗಬೇಕಿದ್ದ ಗಂಗಯ್ಯ ನನ್ನ ಹೆಗಲ ಮೇಲೆ ಕೈ ಹಾಕಿದ್ದ.

"ಬರೇ ಬ್ರಿಜ್ ಅಂದ್ರ ಒಬ್ಬಾಕಿ ವಾರ್ಡಿಗೆ ಎಲ್ಲಾ ಹೋತು. ಉಳದಾವರು ಎದ್ದು ನಡೀತಾರ. ಒಬ್ಬಾಂವ ಹ್ವಾದ್ರೂ ನಮ್ಮ ಆಟ ಮುಗೀತು. ಬಂದ ರೊಕ್ಕ ತುಂಡು ಮಾಡೋ ಮಾರಾಯಾ!"

ಮಾಡಿದೆ. ಸೇತುವೆಯನ್ನು ಹತ್ತು ತುಂಡು ಮಾಡಿ ಬರೆದೆ. ಕೌಸರ್ ತಲೆಯ ಮೇಲಿಟ್ಟಿದ್ದ ಅದೇ ಬಲಗೈಯಿಂದ.

ಬಿಬಿಜಾನ ಕಾಗದ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸಂಜೂ... ಇಂವ ಹೇಳೂದು ಖರೇನು?"

ಒಂದು ಸೆಕೆಂಡ್. ಅಷ್ಟೇ. ನಿಜ ಹೇಳಲು ಅಷ್ಟು ಸಾಕಾಗಿತ್ತು.

"ಸುಳ್ರಿ ಅಕ್ಕಾ. ಆ ಶಿಕ್ಕಾನೂ ಸುಳ್ಳು."

ಆಕೆ ಕಾಗದ ಮಡಚಿ ನಿಂಗರಾಜನ ಕೈಗೆ ಕೊಟ್ಟಳು. "ತಗೋ ತಮ್ಮಾ. ಸಂಜು ನನ್ನ ಸೊಸಿ ತಲಿ ಮುಟ್ಯಾನ. ನಿಮ್ಮಣ್ಣ ಏನ ಮುಟ್ಯಾನ?"

"ಅಕ್ಕಾರ, ಕೇಳ್ರಿ..."

"ಎರಡು ವರ್ಷ ಕೇಳೇನಿ. ಕಿವಿ ದಣದಾವು." ಟ್ರ್ಯಾಕ್ಟರಿನವನತ್ತ ತಿರುಗಿದಳು. "ಏ, ಏನ ಸಿನಿಮಾ ನೋಡಾಕತ್ತೀಯೇನು? ಗಾಡಿ ಹಿಂದಕ್ಕ ತಗಿ! ಹೊತ್ತಾತು!"

ಟ್ರ್ಯಾಕ್ಟರ್ ಹಿಂದೆ ಸರಿಯಿತು. ಟ್ರ್ಯಾಕ್ಟರಿನವನ ಕಣ್ಣೆದುರು ಒಬ್ಬ ಹೆಂಗಸನ್ನು ಕೈಹಿಡಿದು ತಡೆಯುವ ಧೈರ್ಯ ನಿಂಗರಾಜನಿಗೆ ಇರಲಿಲ್ಲ. ರಾಡ್ ಬೀಸಿ ನನ್ನ ಹೆಡ್‌ಲೈಟ್ ಒಡೆದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ನಾ ಗಾಜು ಒಡದ್ನಿ. ನೀ ಏನ ಒಡದಿ ನಿನಗ ಗೊತ್ತೈತಿ."

ಹತ್ತೂ ಐವತ್ತಾರಕ್ಕೆ ಹಾಲ್ ಮುಟ್ಟಿದೆವು. ಎ.ಸಿ. ಸಾಹೇಬರು ಕೈ ಎತ್ತಲು ಹೇಳಿದರು. ಒಂಬತ್ತು ಕೈ ಎದ್ದವು. ಬಿಬಿಜಾನ ಕಿಟಕಿಯಾಚೆ ನಿಂತ ನನ್ನನ್ನು ಹುಡುಕಿ, ನಕ್ಕು, ಕೈ ಎತ್ತಿದಳು.

ಹತ್ತು!

ಗುಲಾಲು, ಪಟಾಕಿ, ಹಾರ! ನನಗೂ ಒಂದು ಹಾರ ಬಿತ್ತು. ಅದನ್ನು ತೆಗೆಯಲು ಕೈ ಬರಲಿಲ್ಲ, ಇಟ್ಟುಕೊಳ್ಳಲೂ ಆಗಲಿಲ್ಲ.

ಗಂಗಯ್ಯ ಅಧ್ಯಕ್ಷನಾದ. ಗಟಾರಾಯಿತು, ಕಮಾನಾಯಿತು, ಫರಸಿಯಾಯಿತು. ಸೇತುವೆಯ ಹತ್ತನೇ ಒಂದು ಪಾಲಿನಲ್ಲಿ ಬಿಬಿಜಾನಳ ವಾರ್ಡಿಗೆ ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ಲೈಟ್ ಬಂತು.

ಜುಲೈಯಲ್ಲಿ ಮಳೆ ಹಿಡಿಯಿತು. ಸೇತುವೆ ಆಗಿಯೇ ಆಗುತ್ತದೆಂದು ನಂಬಿ ಕೌಸರ್ ಓಟಿನ ಮರುವಾರವೇ ರಾಮದುರ್ಗದಿಂದ ಮನೆಗೆ ಬಂದಿದ್ದಳು. ಒಂದು ಸಂಜೆ ಬಿಬಿಜಾನಳ ಫೋನ್ ಬಂತು.

"ಬ್ಯಾನಿ ಸುರು ಆಗ್ಯಾವು. ಹೊರಸು ಹೊರಾಕ ಒಬ್ಬಾಂವ ಕಡಿಮಿ ಅದಾನ. ಬಾ."

ಹೋದೆ. ನೀರು ಸೊಂಟದ ಮಟ್ಟ. ಹೊರಸಿನ ಒಂದು ಕಾಲು ನನ್ನ ಹೆಗಲ ಮೇಲೆ. ಮೇಲೆ ಕೌಸರ್ ನರಳುತ್ತಿದ್ದಳು. ಕಾಲ ಕೆಳಗಿನ ಕಲ್ಲು ಜಾರಿತು!

"ನಡುಗಬ್ಯಾಡ," ಎಂದಳು ಬಿಬಿಜಾನ. ಆ ಸಂಜೆ ದಾರಿಯುದ್ದಕ್ಕೂ ಆಡಿದ್ದು ಅದೊಂದೇ ಮಾತು.

ದಾಟಿದೆವು. ಕೂಸು ಉಳಿಯಿತು. ಹೆಣ್ಣು.

ಬೈಲಹೊಂಗಲದ ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆಯ ಪಕ್ಕ ಕುಳಿತೆ. ಪ್ಯಾಂಟಿನಿಂದ ಕೆಸರು ನೀರು ಸೋರುತ್ತಿತ್ತು.

"ಅಕ್ಕಾ... ಆ ಶಿಕ್ಕಾ ಖರೇನ ಇತ್ತು."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗಂಗಯ್ಯನ್ನ ಇಳಸಾಕ ಎಷ್ಟ ಕೈ ಬೇಕು?"

"ಹತ್ರಿ."

"ಅಂದ್ರ ಮತ್ತ ಹತ್ತು ತುಂಡು."

"...ಹೌದ್ರಿ."

ಬಿಬಿಜಾನ ಸೆರಗು ಹಿಂಡಿ, ಕೊಡವಿ, ಎದ್ದಳು.

"ಹಂಗಾರ ಬ್ಯಾಡ ಬಿಡು. ಕೂಸಿಗೆ ಈಜು ಕಲಸ್ತೇನಿ."